ತವರಿನ ಪುಸ್ತಕ

ನಮ್ಮ ಮನೆಗೆ ವಾರಪತ್ರಿಕೆ ಬರುತ್ತಿದ್ದದ್ದು ಗುರುವಾರ, ಅದು ನನ್ನ ಕೈ ಸೇರುತ್ತಿದ್ದದ್ದು ಭಾನುವಾರ. ಅದೂ ಎಲ್ಲರ ಊಟವಾಗಿ, ಪಾತ್ರೆ ಬೆಳಗಿ, ಒಲೆಕಟ್ಟೆ ಒರೆಸಿ, ನಾನು ಹಿತ್ತಲ ಬಾಗಿಲಲ್ಲಿ ಕಾಲು ಚಾಚಿ ಕೂತ ಮೇಲೆ. ಅಷ್ಟು ಹೊತ್ತಿಗೆ ಅದರಲ್ಲಿ ಏನುಳಿದಿರುತ್ತಿತ್ತು, ಮಣ್ಣು! ಮೊದಲು ಮಾವ ಓದುತ್ತಿದ್ದರು, ರಾಜಕೀಯವೆಲ್ಲ ಬಿಳಿ. ಆಮೇಲೆ ನಮ್ಮ ಯಜಮಾನರು, ಕ್ರಿಕೆಟ್ಟೂ ನಗೆಹನಿಯೂ ಬಿಳಿ. ಆಮೇಲೆ ಅತ್ತೆ. ಅತ್ತೆಯ ಕಣ್ಣು ಹಾದುಹೋದ ಹಾಳೆ ಅಗಸ ಒಗೆದುಕೊಟ್ಟ ಪಂಚೆಯ ಹಾಗಿರುತ್ತಿತ್ತು. ಧಾರಾವಾಹಿ, ಕಥೆ, ಓದುಗರ ಓಲೆ, ವಾರಭವಿಷ್ಯ, ಕೊನೆಗೆ ಪುಟದ ತಳದಲ್ಲಿ ಇರುವೆಸಾಲಿನಂತೆ ಇರುವ ಮುದ್ರಣಾಲಯದ ವಿಳಾಸವನ್ನೂ ಅವರು ಬಿಡುತ್ತಿರಲಿಲ್ಲ. ಬಿಡುತ್ತಿದ್ದದ್ದು ಹೈನುಗಾರಿಕೆಯ ಅಂಕಣ ಒಂದನ್ನೇ. ಅದು ಸಗಣಿ ಸಮಾಚಾರ ಅಂತ ಅವರಿಗೆ ಅಸಹ್ಯ. ಹಾಗಾಗಿ ಮದುವೆಯಾದಾಗಿನಿಂದ ನಾನು ಓದಿದ್ದು ಅದನ್ನೇ. ಹಸುವಿನ ಕೆಚ್ಚಲುಬಾವಿಗೆ ಏನು ಹಚ್ಚಬೇಕು, ಈದ ಎಮ್ಮೆಗೆ ಕಸ, ಅದೇ ಮಾಸು, ಬೀಳದಿದ್ದರೆ ಏನು ಮಾಡಬೇಕು, ಎಲ್ಲ ನನಗೆ ಗೊತ್ತು. ನಮ್ಮ ಮನೆಯಲ್ಲಿ ಒಂದು ಬೆಕ್ಕೂ ಇರಲಿಲ್ಲ.

ನಮ್ಮೂರು ಹಾಗೆ. ಅಕ್ಷರವನ್ನು ಒಬ್ಬರು ಓದಿದರೆ ಮುಗಿಯಿತು, ಅದು ಹಾಳೆಯ ಮೇಲೆ ನಿಲ್ಲುವುದಿಲ್ಲ. ಅಂಗಡಿಗೆ ಬೋರ್ಡು ಬರೆಸುವ ಹುಚ್ಚಿಗೆ ಯಾರೂ ಹೋಗುವುದಿಲ್ಲ, ಚಿತ್ರ ಬರೆಸುತ್ತಾರೆ. ಕಣ್ಣಿನ ಡಾಕ್ಟರ ಬಾಗಿಲಲ್ಲಿ ಒಂದು ದೊಡ್ಡ ಕಣ್ಣು, ಹಲ್ಲಿನವರ ಬಾಗಿಲಲ್ಲಿ ಒಂದು ದವಡೆ. ಬಸ್ಸುಗಳನ್ನು ಬಣ್ಣದಿಂದ ಗುರುತು ಹಿಡಿಯುತ್ತೇವೆ. ಇದೆಲ್ಲ ನಮಗೆ ಒಂದು ವಿಷಯವೇ ಅಲ್ಲ. ವಿಷಯವೆಂದರೆ ಮನೆಯೊಳಗೆ ಯಾರು ಮೊದಲು ಓದಬೇಕು ಎನ್ನುವುದು. ಅದು ಊಟದ ಪಂಕ್ತಿಯ ಹಾಗೆ, ಹಿರಿಯರಿಂದ ಶುರುವಾಗಿ ಸೊಸೆಗೆ ಮುಗಿಯುತ್ತದೆ. ಓದುವವರು ತಾವು ಎಲ್ಲಿಗೆ ನಿಲ್ಲಿಸಿದರೋ ಅಲ್ಲಿ ಒಂದು ನವಿಲುಗರಿ ಇಡುತ್ತಾರೆ. ಗರಿಯ ಮುಂದಿನ ಹಾಳೆ ಅವರದು, ಮುಟ್ಟುವ ಹಾಗಿಲ್ಲ. ಗರಿಯ ಹಿಂದೆ ಏನಾದರೂ ಉಳಿದಿದ್ದರೆ ಅದು ಮುಂದಿನವರದು. ಸಂಜೆ ಕಾಫಿಗೆ ಕೂತಾಗ ಮೊದಲು ಓದಿದವರು ಮಿಕ್ಕವರಿಗೆಲ್ಲ ಕಥೆ ಹೇಳುವುದು ಪದ್ಧತಿ. ಹೇಳಿದ್ದನ್ನು ಕೇಳಿದರೆ ಸಾಲದೇ ಅಂತ ನಾನು ಹೊಸತರಲ್ಲಿ ಒಮ್ಮೆ ಕೇಳಿದ್ದೆ. ಅತ್ತೆ ಕಾಫಿ ಲೋಟ ಕೆಳಗಿಟ್ಟು, “ಮಾವಿನಹಣ್ಣು ತಿಂದೋರ ಕೈ ಮೂಸಿದ್ರೆ ಹೊಟ್ಟೆ ತುಂಬತ್ತೇನೇ?” ಅಂದಿದ್ದರು. ಮಾತಿನಲ್ಲಿ ಅವರನ್ನು ಗೆಲ್ಲುವವರು ಹುಟ್ಟಿರಲಿಲ್ಲ.

ಇಂಥ ಊರಿನಲ್ಲಿ ಪ್ರೀತಿ ಅಂದರೆ ಬಿಡುವುದು. ತಾಯಿ ಮಗುವಿಗೆ ಒಗಟಿನ ಉತ್ತರ ಬಿಡುತ್ತಾಳೆ. ಮದುವೆ ಗೊತ್ತಾದ ಹುಡುಗ ಕಥೆಯ ಕೊನೆಯ ಸಾಲಿಗೆ ಬಂದಾಗ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಪುಸ್ತಕ ಮಡಚಿ ಹುಡುಗಿಯ ಮನೆಗೆ ಕಳಿಸುತ್ತಾನೆ. ನನಗೂ ನಮ್ಮ ಯಜಮಾನರು ಮೊದಲ ವರ್ಷ ಒಂದು ನಗೆಹನಿ ಬಿಟ್ಟಿದ್ದರು. ಆಮೇಲೆ ಮರೆತರು. ಅತ್ತೆಯಂತೂ ಯಾರಿಗೂ ಏನೂ ಬಿಟ್ಟವರಲ್ಲ, ಕಟ್ಟಿಕೊಂಡ ಗಂಡನಿಗೂ ಬಿಟ್ಟವರಲ್ಲ.

ಇನ್ನು ತವರಿನ ಪುಸ್ತಕದ ವಿಚಾರ. ಮದುವೆಯಲ್ಲಿ ಹೆಣ್ಣಿಗೆ ತವರಿನವರು ಬಂಗಾರದ ಜೊತೆ ಒಂದು ಕಾದಂಬರಿ ಕೊಡುತ್ತಾರೆ, ಯಾರ ಕಣ್ಣೂ ಬೀಳದ್ದು, ಅರಿಶಿನದ ದಾರ ಸುತ್ತಿದ್ದು. ಅದನ್ನು ಅವಳು ಆಗಲೇ ಓದುವುದಿಲ್ಲ. ಮಕ್ಕಳು ದೊಡ್ಡವರಾದ ಮೇಲೆ, ಅಡಿಗೆಮನೆ ಇನ್ನೊಬ್ಬಳ ಕೈಗೆ ಹೋದ ಮೇಲೆ, ದಿನ ದೊಡ್ಡದಾಗಿ ಮಾಡುವುದಕ್ಕೆ ಏನೂ ಇಲ್ಲದಾಗ ಓದಲೆಂದು ಟ್ರಂಕಿನ ತಳದಲ್ಲಿಡುತ್ತಾಳೆ. ಮನೆ ತುಂಬಿಸಿಕೊಳ್ಳುವ ದಿನ ಅತ್ತೆಯಾದವಳು ಸೊಸೆಯ ಪುಸ್ತಕದ ದಾರವನ್ನು ಸ್ವಲ್ಪ ಸರಿಸಿ, ನಡುವೆ ಒಂದು ಕಡೆ ಹೆಬ್ಬೆರಳಿಟ್ಟು ಬಗ್ಗಿಸಿ, ಅಕ್ಷರ ಇವೆ ಎಂದು ದೂರದಿಂದ ಕಣ್ಣಾಡಿಸಿ ಮತ್ತೆ ಕಟ್ಟುವುದು ಶಾಸ್ತ್ರ. ನನ್ನದನ್ನು ಬಗ್ಗಿಸಿದಾಗ ಅರ್ಧ ಹಾಳೆ ಬಿಳಿ ಇತ್ತು. ನನ್ನ ಅಪ್ಪ ಸಂತೆಯಲ್ಲಿ ಯಾರನ್ನೋ ನಂಬಿ ಕೊಂಡುಬಿಟ್ಟಿದ್ದ. ಯಾರೋ ಅವಸರದ ಆಸಾಮಿ ಮನುಷ್ಯರನ್ನೆಲ್ಲ ಓದಿಕೊಂಡು ಮರಗಿಡ, ಮೋಡ, ಬೆಳದಿಂಗಳು ಇಷ್ಟನ್ನು ಬಿಟ್ಟಿದ್ದ. ತುಂಬಿದ ಮನೆಯಲ್ಲಿ ಅತ್ತೆ ಪುಸ್ತಕ ಮಡಚಿ, “ಎಂಜಲು” ಅಂದರು. ಒಂದೇ ಮಾತು. ನನ್ನ ಅಪ್ಪ ಊಟ ಮಾಡದೆ ಎದ್ದುಹೋದ. ಆ ವರ್ಷವೇ ಹಟಕ್ಕೆ ಆ ಮರಗಿಡಗಳನ್ನೂ ಓದಿ ಮುಗಿಸಿದೆ. ಹೀಗಾಗಿ, ತಲೆಯಿಂದ ಬುಡದವರೆಗೆ ಒಂದು ಕಾದಂಬರಿ ಓದುವುದು ಅಂದರೆ ಹೇಗಿರುತ್ತದೆ ಎನ್ನುವುದು ನನ್ನ ತಲೆ ನರೆಯುವವರೆಗೂ ನನಗೆ ಗೊತ್ತಿರಲಿಲ್ಲ.

ಅತ್ತೆ ತಮ್ಮ ತವರಿನ ಪುಸ್ತಕದ ದಾರ ಬಿಚ್ಚಿದ್ದು ಎಪ್ಪತ್ತು ದಾಟಿದ ಮೇಲೆ. ಅವರ ವಾರಗೆಯವರೆಲ್ಲ ಯಾವತ್ತೋ ಓದಿ ಮುಗಿಸಿದ್ದರು. ಇವರು ಮಾತ್ರ ಇನ್ನೂ ಇರಲಿ, ಇನ್ನೂ ಇರಲಿ ಅಂತ ಇಟ್ಟುಕೊಂಡು ಬಂದಿದ್ದರು. ಹಸಿರು ರಟ್ಟಿನ ದಪ್ಪ ಕಾದಂಬರಿ. ಅವತ್ತು ತಲೆಗೆ ನೀರು ಹಾಕಿಕೊಂಡು, ದೇವರಿಗೆ ದೀಪ ಹಚ್ಚಿ, ಕಿಟಕಿಯ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂತು ಬಿಚ್ಚಿದರು. ಮಾವ ಎದುರು ಕೂತು ನಗುತ್ತಿದ್ದರು. “ಅಂಬೂ, ನಂಗೂ ಒಂದು ಪುಟ ಬಿಡ್ತೀಯೇನೇ?” ಅಂದರು. “ನಿಮ್ಮ ತವರು ನಿಮಗೇನು ಕೊಟ್ಟಿದೆಯೋ ಅದನ್ನ ಓದ್ಕೊಳ್ಳಿ” ಅಂದರು ಅತ್ತೆ. ಸಂಜೆ ಕಾಫಿಗೆ ಕಥೆ ಶುರುವಾಯಿತು. ಚಂಪಕ ಅಂತ ಒಬ್ಬ ಹುಡುಗಿ, ಅವಳಿಗೆ ಮುಕುಂದ ಅಂತ ಒಬ್ಬ ಅಣ್ಣ, ಹೊಳೆಯ ದಂಡೆಯ ಮೇಲೆ ಮನೆ. ಅತ್ತೆ ಚೆನ್ನಾಗಿ ಹೇಳುತ್ತಿದ್ದರು, ಅದನ್ನು ಒಪ್ಪಬೇಕು.

ಮಾರನೆಯ ದಿನ ಧೂಳು ಹೊಡೆಯುವಾಗ ಪುಸ್ತಕ ಕೈಗೆ ಬಂತು. ಗರಿ ನಾಲ್ಕನೆಯ ಅಧ್ಯಾಯದಲ್ಲಿತ್ತು. ಹಿಂದೆ ಬಿಳಿ ಹಾಳೆಗಳನ್ನು ನೋಡಿ ಹೊಟ್ಟೆ ಉರಿಸಿಕೊಳ್ಳೋಣ ಅಂತಲೇ ತೆರೆದೆ. ತೆರೆದರೆ, ಅಕ್ಷರ! ಮೊದಲ ಎರಡು ಪುಟ ಬಿಟ್ಟು ಒಂದೂ ಹೋಗಿಲ್ಲ. ಗರಿಯ ಹಿಂದಿನ ಹಾಳೆಗಳೆಲ್ಲ ಕಪ್ಪಗೆ ತುಂಬಿಕೊಂಡು ಕೂತಿವೆ. ಪುಸ್ತಕ ಮಡಚಿ ಅಡಿಗೆಮನೆಗೆ ಹೋಗಿ ಒಂದು ಲೋಟ ನೀರು ಕುಡಿದೆ. ಅತ್ತೆ ಬಿಟ್ಟಿದ್ದಾರೆ. ನನಗೆ ಬಿಟ್ಟಿದ್ದಾರೆ. ಇನ್ನೇನು ಅರ್ಥ ಇದಕ್ಕೆ? ತಮ್ಮ ತವರಿನ ಪುಸ್ತಕವನ್ನು, ಎಂಜಲು ತಂದವಳು ಅಂತ ತಾವೇ ಹೆಸರಿಟ್ಟ ಸೊಸೆಗೆ! ಬಾಯಲ್ಲಿ ಹೇಳಲಾರದ್ದನ್ನು ಮುದುಕಿ ಹೀಗೆ ಮಾಡಿದೆ ಅಂದುಕೊಂಡು ನಾನು ಒಲೆಯ ಮುಂದೆ ನಿಂತು ಅತ್ತುಬಿಟ್ಟೆ. ಆಮೇಲೆ ಹಿತ್ತಲ ಬಾಗಿಲಲ್ಲಿ ಕೂತು ಓದಿದೆ.

ಆ ಓದಿನ ಸುಖವನ್ನು ಹೇಗೆ ಹೇಳಲಿ. ಒಂದು ಸಾಲು, ಅದರ ಮುಂದೆ ಇನ್ನೊಂದು ಸಾಲು, ಅದಕ್ಕೂ ಇದಕ್ಕೂ ಸಂಬಂಧ. ಮರದ ಕೆಳಗೆ ಮನುಷ್ಯರು ನಿಂತಿದ್ದಾರೆ. ಅವರು ಮಾತಾಡುತ್ತಾರೆ, ಮಾತಿಗೆ ಉತ್ತರ ಬರುತ್ತದೆ. ನಡುವೆ ಬಿಳಿಯ ಗುಂಡಿಗಳಿಲ್ಲ. ಅನ್ನ ಸೀದುಹೋಯಿತು, ಯಜಮಾನರು ಬೈದರು, ಎಮ್ಮೆಯ ಮೇಲೆ ಮಳೆ ಸುರಿದ ಹಾಗೆ ಸುಮ್ಮನಿದ್ದೆ.

ದಿನಾ ಹೀಗೇ ನಡೆಯಿತು. ಬೆಳಿಗ್ಗೆ ಅತ್ತೆ ಕಿಟಕಿಯ ಪಕ್ಕ ಕೂತು ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವುತ್ತಾರೆ, ಗರಿ ಇಡುತ್ತಾರೆ, ಮಲಗುತ್ತಾರೆ; ಮಧ್ಯಾಹ್ನ ನಾನು ಓದುತ್ತೇನೆ; ಸಂಜೆ ಅವರು ಕಥೆ ಹೇಳುತ್ತಾರೆ. ಮೊದಲ ಎರಡು ಪುಟದ ಊರು, ಹೆಸರು, ಹೊಳೆ ಎಲ್ಲ ಸರಿಯಾಗಿತ್ತು. ಆದರೆ ಮುಂದೆ ಅವರು ಹೇಳುತ್ತಿದ್ದ ಕಥೆಯೇ ಬೇರೆ. ಪುಸ್ತಕದಲ್ಲಿ ಚಂಪಕಳನ್ನು ಹೊಳೆಯಾಚೆಯ ಮನೆಗೆ ಕೊಟ್ಟು ಮದುವೆ ಮಾಡುತ್ತಾರೆ, ಅಣ್ಣ ದೋಣಿ ಹತ್ತಿ ದುಡಿಯಲು ಹೋದವನು ಬರುವುದಿಲ್ಲ, ಅವಳು ಅತ್ತೆ ಮನೆಯ ಮೆಟ್ಟಿಲ ಮೇಲೆ ಕೂತು ಹೊಳೆ ನೋಡಿಕೊಂಡು ಅಳುತ್ತಾಳೆ. ಅತ್ತೆ ಹೇಳುವ ಚಂಪಕ ಅಳುವುದೇ ಇಲ್ಲ. ಅವಳು ಗಂಡನ ಮನೆಯವರಿಗೆ ಎದುರು ಮಾತಾಡುತ್ತಾಳೆ, ಲಟ್ಟಣಿಗೆ ತೋರಿಸುತ್ತಾಳೆ. ಮಾವ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಾನು ಇದಕ್ಕೂ ಒಂದು ಅರ್ಥ ಕಟ್ಟಿದೆ. ನಿಜವಾದ ಕಥೆಯನ್ನು ನನಗೊಬ್ಬಳಿಗೇ ಇಟ್ಟು, ಮಿಕ್ಕವರಿಗೆ ಏನೋ ಒಂದು ಹೇಳಿ ತೂಗಿಸುತ್ತಿದ್ದಾರೆ, ಇದು ನಮ್ಮಿಬ್ಬರ ಗುಟ್ಟು ಅಂದುಕೊಂಡೆ. ಕಾಫಿ ಕೊಡುವಾಗ ಅವರ ಮುಖ ನೋಡಿ ಸಣ್ಣಗೆ ನಗುತ್ತಿದ್ದೆ. ಅವರು ನನ್ನ ಕಡೆ ನೋಡುತ್ತಲೇ ಇರಲಿಲ್ಲ. ನಾಚಿಕೆ ಇರಬೇಕು, ಪಾಪ, ಅಂತ ಅದಕ್ಕೂ ಒಂದು ಕಾರಣ ಕೊಟ್ಟುಕೊಂಡೆ. ಅವರ ಬೆನ್ನಿಗೆ ಎಣ್ಣೆ ತಿಕ್ಕುವಾಗ ಮೊದಲಿಗಿಂತ ಮೆತ್ತಗೆ ತಿಕ್ಕುತ್ತಿದ್ದೆ. ಮಜ್ಜಿಗೆಹುಳಿಗೆ ಅವರಿಗೆ ಬೇಕಾದ ಬೂದುಗುಂಬಳವನ್ನೇ ಹಾಕುತ್ತಿದ್ದೆ. ಹುಚ್ಚಿ ಅಂದರೆ ಹುಚ್ಚಿ ನಾನು.

ಒಂದು ದಿನ ಬೆಳಿಗ್ಗೆ ಹಾಲು ಉಕ್ಕುವ ಹೊತ್ತಿಗೆ ಸರಿಯಾಗಿ ಅತ್ತೆ ಕೂಗಿದರು. “ವಾರಿಜಾ, ಪುಸ್ತಕ ಕೊಡೇ ಇಲ್ಲಿ.” ಓಡಿಬಂದು ನಡುಮನೆಯ ಗೋಡೆಯ ಗೂಡಿನಿಂದ ತೆಗೆದುಕೊಟ್ಟು ವಾಪಸ್ಸು ಓಡಿದೆ. ಹಾಲಿಳಿಸಿ, ಕೈ ಒರೆಸಿಕೊಳ್ಳುತ್ತ ನಡುಮನೆಗೆ ಬಂದರೆ ಗೂಡಿನಲ್ಲಿ ಅವರ ಪುಸ್ತಕ ಹಾಗೇ ಇದೆ, ಗರಿಯ ತುದಿ ಹೊರಗೆ ಕಾಣುತ್ತಿದೆ. ನಾನು ಕೊಟ್ಟಿದ್ದು, ಖಾಲಿಯಾದ ಮೇಲೆ ಅದೇ ಗೂಡಿನಲ್ಲಿ ಬಿದ್ದಿದ್ದ ನನ್ನದು, ಆ ಎಂಜಲು ಪುಸ್ತಕ. ಅದರದೂ ಹಸಿರು ರಟ್ಟೇ. ಒಂದು ಅಕ್ಷರವಿಲ್ಲದೆ ಬೆಳ್ಳಗಿದೆ ಅದು. ಅಯ್ಯೋ, ಈಗ ಶುರುವಾಗುತ್ತದೆ ಸಹಸ್ರನಾಮ ಅಂತ ಬಾಗಿಲಲ್ಲೇ ನಿಂತೆ. ಅತ್ತೆ ಬೈಯಲಿಲ್ಲ. ಬಿಳಿಯ ಹಾಳೆಯನ್ನು ಮುಖದ ಹತ್ತಿರ ಹಿಡಿದು, ತುಟಿ ಅಲ್ಲಾಡಿಸುತ್ತ, ತಲೆಯನ್ನು ಎಡದಿಂದ ಬಲಕ್ಕೆ ಎಡದಿಂದ ಬಲಕ್ಕೆ ಆಡಿಸುತ್ತ ಕೂತಿದ್ದರು. ನಡುವೆ ಒಮ್ಮೆ “ಭಲೇ” ಅಂದರು. ಬೆರಳಿಗೆ ಎಂಜಲು ಹಚ್ಚಿ ಮುಂದಿನ ಬಿಳಿ ಹಾಳೆಗೆ ತಿರುವಿದರು.

ಆ ಸಂಜೆ ಅವರು ಹೇಳಿದಷ್ಟು ಚೆನ್ನಾಗಿ ಯಾವತ್ತೂ ಹೇಳಿರಲಿಲ್ಲ. ಚಂಪಕ ಗಂಡನ ಮನೆ ಬಿಟ್ಟು ಪೇಟೆಗೆ ಬಂದು ಒಂದು ಖಾನಾವಳಿ ಇಟ್ಟಳು. ಮೊದಲ ದಿನ ಸಾರಿಗೆ ಉಪ್ಪು ಹಾಕುವುದನ್ನು ಮರೆತಳು. ತಿನ್ನಲು ಬಂದವರು ಸಂಕೋಚದಿಂದ ಏನೂ ಅನ್ನದೆ ಉಂಡು ಎದ್ದರು. ಮಾವನ ಕಣ್ಣಲ್ಲಿ ನೀರು ಬರುವಷ್ಟು ನಗು. ನಾನು ತಟ್ಟೆ ಲೋಟ ಎತ್ತಿಕೊಂಡು ಒಳಗೆ ಬಂದು ಗೋಡೆಗೆ ಒರಗಿ ಕೂತೆ. ಅತ್ತೆ ನನಗೆ ಏನನ್ನೂ ಬಿಟ್ಟಿರಲಿಲ್ಲ. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ, ಅಷ್ಟೇ. ಅವರಿಗೆ ಓದಲಾಗದ್ದನ್ನು ನಾನು ಕೂತು ಬಳಿದು ತಿಂದಿದ್ದೆ. ಗೂಡಿನಲ್ಲಿದ್ದ ಪುಸ್ತಕದ ಗರಿ ಆಗಲೇ ಕೊನೆಯ ಅಧ್ಯಾಯದ ಮೊದಲ ಹಾಳೆಯಲ್ಲಿತ್ತು. ಅದರ ಹಿಂದಿನದೆಲ್ಲ ಬಿಳಿ.

ಯಜಮಾನರಿಗೆ ಹೇಳಿದೆ, ಕಣ್ಣಿನ ವಿಷಯ ಮಾತ್ರ. ದೊಡ್ಡ ಕಣ್ಣಿನ ಚಿತ್ರದ ಬಾಗಿಲಿಗೆ ಕರೆದುಕೊಂಡು ಹೋದೆವು. ಡಾಕ್ಟರು ದೀಪ ಬಿಟ್ಟು ನೋಡಿ, ಒಂದು ಕಣ್ಣು ಹೋಗಿದೆ, ಇನ್ನೊಂದರ ಪೊರೆ ತೆಗೆದರೆ ಕಾಣುತ್ತದೆ, ಆದರೆ ಮೊದಲು ಸಕ್ಕರೆ ಇಳಿಯಬೇಕು, ಮಾತ್ರೆ ತಪ್ಪಿಸಬೇಡಿ ಅಂದರು. ವಾಪಸ್ಸು ಬರುವಾಗ ಯಜಮಾನರು ಆಟೋದಲ್ಲಿ ಮುಂದೆ ಕೂತಿದ್ದರು, ನಾವಿಬ್ಬರೂ ಹಿಂದೆ. ಅತ್ತೆ ನನ್ನ ಮೊಣಕೈ ಹಿಡಿದುಕೊಂಡು ಕಿವಿಯ ಹತ್ತಿರ ಬಗ್ಗಿದರು. ಅಷ್ಟು ಹತ್ತಿರ ಅವರು ಯಾವತ್ತೂ ಬಂದಿರಲಿಲ್ಲ.

“ಒಂದು ವಿಷಯ, ಯಾರಿಗೂ ಹೇಳ್ಬೇಡ ಕಣೇ. ಮೊದಲೆರಡು ಪುಟ ಬಿಟ್ರೆ ಆ ಪುಸ್ತಕ ನಾನು ಓದೇ ಇಲ್ಲ. ಸುಮ್ನೆ ತಿರುವ್ತಾ ಇದ್ದೆ. ಕಣ್ಣು ಬರ್ಲಿ, ಮಿಕ್ಕಿದ್ದೆಲ್ಲ ಸರಿಯಾಗಿ ಓದ್ತೀನಿ. ನಮ್ಮಮ್ಮ ತನ್ನ ಬಳೆ ಕೊಟ್ಟು ತಂದಿದ್ದು ಗೊತ್ತಾ ಅದು.”

ಹೇಳದೆ ಬಿಡಬಹುದಿತ್ತು. ಪೊರೆ ತೆಗೆದ ಮೇಲೆ ತಾವೇ ತೆರೆದು ನೋಡಿ ಕಂಡುಕೊಳ್ಳಲಿ ಅನ್ನಬಹುದಿತ್ತು. ಅದು ನನ್ನ ಕೈಲಾಗಲಿಲ್ಲ.

“ಅತ್ತೆ, ನಾನು ಓದ್ಬಿಟ್ಟೆ.”

“ಏನು?”

“ಪುಸ್ತಕ. ಗರಿ ಹಿಂದಿಂದು. ಕೊನೇ ಅಧ್ಯಾಯ ಒಂದಿದೆ, ಮಿಕ್ಕಿದ್ದೆಲ್ಲ ಓದ್ಬಿಟ್ಟೆ. ನೀವು ನನಗೆ ಅಂತ ಬಿಟ್ಟಿದೀರಿ ಅಂದ್ಕೊಂಡೆ.”

ಅವರು ನನ್ನ ಮೊಣಕೈ ಬಿಟ್ಟರು. ಕೋಪ ಬಂದಿದ್ದರೆ ನನಗೆ ಸಮಾಧಾನವಾಗುತ್ತಿತ್ತೋ ಏನೋ. ಅವರಿಗೆ ಬಂದದ್ದು ಆಶ್ಚರ್ಯ. ಮುಖವನ್ನು ನನ್ನ ಕಡೆ ತಿರುಗಿಸಿ, ಕಾಣದ ಕಣ್ಣುಗಳನ್ನು ಅಗಲಿಸಿ, ನಿಜವಾಗಿಯೂ ಅರ್ಥವಾಗದವರ ಹಾಗೆ ಕೇಳಿದರು.

“ನಾನು? ನಿಂಗಾ?”

ಅವರು ಎಷ್ಟು ಬೈದಿದ್ದರು ನನ್ನನ್ನು, ಎಷ್ಟು ಹಂಗಿಸಿದ್ದರು. ಯಾವುದೂ ಆ ಎರಡು ಮಾತಿನಷ್ಟು ನೋಯಿಸಲಿಲ್ಲ.

ಅಂದಿನಿಂದ ಅವರು ಮಾತ್ರೆ ಬಿಟ್ಟರು. ಕೈಗೆ ಕೊಟ್ಟರೆ ಸೊಂಟಕ್ಕೆ ಸಿಕ್ಕಿಸಿಕೊಂಡು ಆಮೇಲೆ ಕಿಟಕಿಯಿಂದ ಎಸೆಯುತ್ತಿದ್ದರು. ಕಾಫಿಗೆ ಎರಡೆರಡು ಚಮಚ ಸಕ್ಕರೆ ಕೇಳುತ್ತಿದ್ದರು. ಯಜಮಾನರು ಕೂಗಾಡಿದರು, ಮಾವ ಗದ್ದ ಹಿಡಿದು ಬೇಡಿದರು. ಪೊರೆ ತೆಗೆಸುವ ಮಾತೆತ್ತಿದರೆ, “ಓದೋಕೇ ಏನಿಲ್ಲ, ಕಣ್ಣು ತಗೊಂಡು ಏನು ಉಪ್ಪು ಹಾಕ್ಕೊಳ್ಳಲಾ?” ಅನ್ನುತ್ತಿದ್ದರು. ಪೇಟೆಯಲ್ಲಿ ಬೇಕಾದಷ್ಟು ಹೊಸ ಕಾದಂಬರಿ ಬರುತ್ತವೆ ಅಂದರು ಯಜಮಾನರು. ಅವರು ಗಂಡಸು, ಅವರಿಗೇನು ಗೊತ್ತು. ತವರಿನ ಪುಸ್ತಕ ಪೇಟೆಯಲ್ಲಿ ಸಿಗುತ್ತದೆಯೇ?

ನಾನು ಅವರ ಕಾಲ ಹತ್ತಿರ ಕೂತು ಹೇಳಿ ನೋಡಿದೆ. “ಕೊನೇ ಅಧ್ಯಾಯ ಹಾಗೇ ಇದೆ ಅತ್ತೆ. ಅಲ್ಲಿವರೆಗಿನ ಕಥೆ ನಾನು ಹೇಳ್ತೀನಿ, ಒಂದಕ್ಷರ ತಪ್ಪಿಸದೆ. ಕಣ್ಣು ಬಂದ ಮೇಲೆ ಅದನ್ನ ನೀವೇ ಓದಿ.”

“ನಿನ್ನ ಕೈ ಮೂಸು ಅಂತೀಯಾ ನನ್ನ?”

“ಹಂಗಾದ್ರೆ ಈಗ್ಲೇ ಓದಿ ಹೇಳಲಾ?”

“ನಾನಿನ್ನೂ ಸತ್ತಿಲ್ಲ” ಅಂದರು ಅತ್ತೆ. ತಪ್ಪು ನನ್ನದೇ. ನಮ್ಮೂರಲ್ಲಿ ಒಬ್ಬರಿಗೆ ಓದಿ ಹೇಳುವುದೆಂದರೆ ಎರಡೇ ಸಂದರ್ಭ. ಅಕ್ಷರ ಕಲಿಯದ ಕೂಸಿಗೆ, ಇಲ್ಲವೇ ಬಾಯಿಗೆ ಗಂಗೆ ಬಿಡುವ ಹೊತ್ತಿನವರಿಗೆ. ಗಟ್ಟಿಯಾಗಿರುವವರಿಗೆ ಓದಿ ಹೇಳುತ್ತೇನೆ ಅನ್ನುವುದು, ನೀವಿನ್ನು ಹೊರಡಿ ಅಂದ ಹಾಗೆ.

ಸಂಜೆಯ ಕಥೆ ನಿಂತುಹೋಯಿತು. ಮಾವ ದಿನಾ ಕೇಳುತ್ತಿದ್ದರು, ಖಾನಾವಳಿ ಏನಾಯ್ತೇ ಅಂಬೂ ಅಂತ. ಅತ್ತೆ ಗೋಡೆಯ ಕಡೆ ತಿರುಗಿ ಕೂತಿರುತ್ತಿದ್ದರು. ಲೋಟಕ್ಕೆ ಚಮಚ ತಾಗುವ ಸದ್ದು ಬಿಟ್ಟರೆ ನಡುಮನೆಯಲ್ಲಿ ಏನೂ ಕೇಳುತ್ತಿರಲಿಲ್ಲ. ನನಗೆ ಓದಲು ಮನಸ್ಸಿಲ್ಲದೆ ವಾರಪತ್ರಿಕೆಗಳು ಹಾಗೇ ಬಿದ್ದಿರುತ್ತಿದ್ದವು, ಧಾರಾವಾಹಿಯೆಲ್ಲ ಕಪ್ಪಗೆ, ತಾಜಾ. ಈಗ ಅತ್ತೆ ಓದುವವರಲ್ಲ, ಹಾಗಾಗಿ ಎಲ್ಲ ನನ್ನದೇ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರಲ್ಲ, ನನ್ನ ಕಾಲ ಬಂತು. ಯಾರಿಗೆ ಬೇಕಿತ್ತು ಅದು!

ಹೀಗಿರುವಾಗ ಬಚ್ಚಲಿಗೆ ಹೋಗುವಾಗ ಹೊಸ್ತಿಲು ಎಡವಿದರು. ಕಾಲ ಹೆಬ್ಬೆರಳು ಒಡೆಯಿತು. ಸಕ್ಕರೆಯ ಮೈ, ಗಾಯ ಆರಲಿಲ್ಲ. ಬೆರಳು ಕಪ್ಪಾಯಿತು, ಕಪ್ಪು ಮೇಲೆ ಹತ್ತಿತು, ಜ್ವರ ಬಂತು. ಆಸ್ಪತ್ರೆಯಲ್ಲಿ ಕಾಲು ತೆಗೆಯಬೇಕು ಅಂದರು, ತೆಗೆದ ಮೇಲೂ ಏನೂ ಹೇಳಲಾಗದು ಅಂದರು. ಅತ್ತೆ, “ಬಂದಿದ್ದು ಎರಡು ಕಾಲಲ್ಲಿ, ಎರಡು ಕಾಲಲ್ಲೇ ಹೋಗ್ತೀನಿ” ಅಂದು ಹಟ ಹಿಡಿದು ಮನೆಗೆ ಬಂದರು. ಕಿಟಕಿಯ ಪಕ್ಕ ಮಂಚ ಹಾಕಿದೆವು. ನಾನು ಗಾಯ ತೊಳೆಯುತ್ತಿದ್ದೆ, ಬಟ್ಟೆ ಬದಲಾಯಿಸುತ್ತಿದ್ದೆ, ಗಂಜಿ ಕುಡಿಸುತ್ತಿದ್ದೆ. ಮಾತಿಲ್ಲ, ಕತೆಯಿಲ್ಲ. ಒಮ್ಮೆ ಗಂಜಿ ಕುಡಿಸುವಾಗ ಮಾತ್ರ, “ಉಪ್ಪಿಲ್ಲ” ಅಂದರು. ಹಾಕಿದ್ದೆ. ಅವರ ನಾಲಗೆಗೆ ತಿಳಿಯುತ್ತಿರಲಿಲ್ಲ.

ಕೊನೆಯ ದಿನ ಬೆಳಿಗ್ಗೆ ಬಿಸಿಲು ಮಂಚದ ಮೇಲೆ ಬಿದ್ದಿತ್ತು. ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಮಾವ ಗಂಗೆಯ ಗಿಂಡಿ ತಂದು ಮೊಹರು ಒಡೆಯುತ್ತಿದ್ದರು. ಆ ಸದ್ದಿಗೆ ಅತ್ತೆ ಕಣ್ಣು ಬಿಟ್ಟರು.

“ಅದು ಆಮೇಲೆ ಬಿಡೀರಂತೆ” ಅಂದರು. ಆಮೇಲೆ, “ವಾರಿಜಾ, ಓದೇ.”

ಯಜಮಾನರು ತಲೆ ತಗ್ಗಿಸಿದರು. ಓದು ಅಂದರೆ ಹೊರಟೆ ಅಂತ ಅರ್ಥ. ನಾನು ಗೂಡಿನಿಂದ ಪುಸ್ತಕ ತಂದು, ಮಂಚದ ಅಂಚಿನಲ್ಲಿ ಕೂತು, ಗರಿ ತೆಗೆದು ಅವರ ಕೈಗೆ ಕೊಟ್ಟೆ. ಹಿಂದೆ ನಡೆದದ್ದನ್ನು ನಾಲ್ಕು ಮಾತಲ್ಲಿ ಹೇಳಲಾ ಅಂದೆ. “ಬೇಡ. ನಂದು ನಂಗೊತ್ತು” ಅಂದರು.

ಓದತೊಡಗಿದೆ. ನನ್ನ ದನಿಯ ಹಿಂದೆ ಸಾಲುಗಳು ಒಂದೊಂದೇ ಹೋಗುತ್ತಿದ್ದವು. ಮಳೆಗಾಲ ಕಳೆದಿದೆ, ಹೊಳೆ ಇಳಿದಿದೆ. ಚಂಪಕ ಮೆಟ್ಟಿಲ ಮೇಲೆ ಕೂತಿದ್ದಾಳೆ. ಅಣ್ಣನ ದಾರಿ ಕಾಯುತ್ತಾಳೆ, ಕಣ್ಣೊರೆಸಿಕೊಳ್ಳುತ್ತಾಳೆ, ಸೆರಗು ಕಚ್ಚುತ್ತಾಳೆ, ಮತ್ತೆ ಅಳುತ್ತಾಳೆ. ಅತ್ತೆಯ ಹುಬ್ಬು ಗಂಟಿಕ್ಕಿತು.

“ಯಾಕೆ ಅಳ್ತಾಳೆ ಅವಳು?”

“ಅಣ್ಣ ಬರ್ಲಿಲ್ಲ ಅತ್ತೆ.”

“ಬರದಿದ್ರೆ ಬಿಟ್ಟಾಕ್ಲಿ. ಖಾನಾವಳಿ ಎಲ್ಲೋಯ್ತು?”

“ಪುಸ್ತಕದಲ್ಲಿ ಖಾನಾವಳಿ ಇಲ್ಲ ಅತ್ತೆ.”

ಅವರು ಉಸಿರು ಸೇರಿಸಿಕೊಂಡರು. “ಥೂ ಇವಳ” ಅಂದರು. “ಇಷ್ಟು ವರ್ಷ ಕಟ್ಟಿಟ್ಟಿದ್ದು ಈ ಗೋಳಿಗಾ?”

ಮುಂದೆ ಓದಿದೆ. ಮುಂದೆಯೂ ಗೋಳೇ ಇತ್ತು. ನನಗೆ ಆ ಚಂಪಕಳ ಮೇಲೆ ಕೆಟ್ಟ ಕೋಪ ಬಂತು. ಹೋಗುವವರ ಕಿವಿಗೆ ಒಂದಾದರೂ ಒಳ್ಳೆಯ ಸುದ್ದಿ ಬೀಳಬಾರದೇ ಅನ್ನಿಸಿತು. ಕೊನೆಯ ಹಾಳೆಯೊಂದು ಉಳಿದಿತ್ತು. ತಿರುವಲು ಬೆರಳಿಟ್ಟಾಗ ಅತ್ತೆ ಕೈ ಎತ್ತಿದರು, ಗರಿ ಹಿಡಿದಿದ್ದ ಕೈ.

“ಸಾಕು ನಿಲ್ಸೇ. ಮಿಕ್ಕಿದ್ದು ನೀನೇ ಓದ್ಕೋ.”

ಗರಿಯನ್ನು ಗಾಳಿಯಲ್ಲಿ ಚಾಚಿದರು, ಪುಸ್ತಕ ಎಲ್ಲಿದೆಯೆಂದು ತಿಳಿಯದೆ. ನಾನು ಅವರ ಕೈ ಹಿಡಿದು ಹಾಳೆಯ ನಡುವೆ ಇಡಿಸಿದೆ. ಮಾವ ಗಂಗೆ ಬಿಟ್ಟರು. ಒಂದು ಗುಟುಕು ಒಳಗೆ ಹೋಯಿತು, ಇನ್ನೊಂದು ಕೆನ್ನೆಯ ಮೇಲೆ ಹರಿಯಿತು.

ವೈಕುಂಠ ಸಮಾರಾಧನೆ ಮುಗಿದು, ನೆಂಟರೆಲ್ಲ ಹೊರಟು, ದೊಡ್ಡ ಪಾತ್ರೆಗಳು ಬಾಡಿಗೆಯವರಿಗೆ ವಾಪಸ್ಸು ಹೋದ ಮಧ್ಯಾಹ್ನ ನಾನು ಹಿತ್ತಲ ಬಾಗಿಲಲ್ಲಿ ಪುಸ್ತಕ ಇಟ್ಟುಕೊಂಡು ಕೂತೆ. ತುಂಬ ಹೊತ್ತು ತೆರೆಯಲಿಲ್ಲ. ಆ ಕೊನೆಯ ಹಾಳೆಯನ್ನು ಅವರು ನನಗೆ ಬಿಟ್ಟರೋ, ಗೋಳು ಕೇಳಿ ಬೇಸತ್ತು ನಿಲ್ಲಿಸಿದರೋ? ಮಿಕ್ಕಿದ್ದು ನೀನೇ ಓದ್ಕೋ. ಇದನ್ನು ಪ್ರೀತಿಯಿಂದಲೂ ಅನ್ನಬಹುದು, ತಾತ್ಸಾರದಿಂದಲೂ ಅನ್ನಬಹುದು. ನಾನು ಒಮ್ಮೆ ತಪ್ಪು ತಿಳಿದು ಇಷ್ಟೆಲ್ಲ ಆಯಿತು. ಕೇಳೋಣವೆಂದರೆ ಅವರಿಲ್ಲ. ಇದ್ದಿದ್ದರೂ ಏನು ಹೇಳುತ್ತಿದ್ದರು, “ನಾನು? ನಿಂಗಾ?” ಅಂತ ಇನ್ನೊಮ್ಮೆ ಕೇಳುತ್ತಿದ್ದರು.

ತೆರೆದೆ. ಎರಡೇ ಸಾಲಿತ್ತು. ದೋಣಿ ಬಂದು ದಡಕ್ಕೆ ತಾಗಿತು. ಅದರಲ್ಲಿ ಯಾರೂ ಇರಲಿಲ್ಲ. ಅಷ್ಟೇ, ಮುಗಿಯಿತು. ಜನ್ಮದಲ್ಲಿ ನನಗೆ ಸಿಕ್ಕ ಒಂದೇ ಒಂದು ಇಡೀ ಕಾದಂಬರಿ. ಓದಿದ ಆ ಎರಡು ಸಾಲೂ ಹೋದವು. ತಳದಲ್ಲಿ ಮುದ್ರಣಾಲಯದ ವಿಳಾಸವಿತ್ತು, ಇರುವೆಸಾಲಿನ ಹಾಗೆ. ಅದನ್ನೂ ಬಿಡಲಿಲ್ಲ. ಅತ್ತೆ ಓದುವ ಹಾಗೆ ತುಟಿ ಅಲ್ಲಾಡಿಸುತ್ತ, ಬೀದಿಯ ಹೆಸರು, ಊರಿನ ಹೆಸರು, ಎಲ್ಲ ಓದಿದೆ. ಹಾಳೆ ಪೂರ್ತಿ ಬೆಳ್ಳಗಾದ ಮೇಲೆ ಅಳು ಬಂತು. ಆ ಕಥೆ ಈಗ ಇಡೀ ಊರಿನಲ್ಲಿ ನನ್ನೊಬ್ಬಳ ತಲೆಯಲ್ಲಿತ್ತು. ಹೀಗಿತ್ತಲ್ಲವೇ ಅಂತ ಕೇಳಿ ಹೌದು ಅನ್ನಿಸಿಕೊಳ್ಳಲು ಯಾರೂ ಇರಲಿಲ್ಲ.

ಸಂಜೆ ಕಾಫಿ ತೆಗೆದುಕೊಂಡು ನಡುಮನೆಗೆ ಬಂದೆ. ಯಜಮಾನರು ಕಂಬಕ್ಕೆ ಒರಗಿ ಕೂತಿದ್ದರು. ಮಾವ ಬೆತ್ತದ ಕುರ್ಚಿಯ ಎದುರು ತಮ್ಮ ಜಾಗದಲ್ಲೇ ಕೂತು ಖಾಲಿ ಕುರ್ಚಿಯನ್ನು ನೋಡುತ್ತಿದ್ದರು. ಲೋಟ ಕೈಗೆ ಕೊಟ್ಟಾಗ ನನ್ನ ಮುಖ ನೋಡಿದರು.

“ವಾರಿಜಾ, ಆ ಚಂಪಕ ಖಾನಾವಳಿ ಇಟ್ಟಿದ್ಲಲ್ಲ, ಆಮೇಲೇನಾಯ್ತಮ್ಮ? ಅಂಬು ಪೂರ್ತಿ ಹೇಳ್ಲೇ ಇಲ್ಲ. ಅವತ್ತು ನೀನು ಓದಿದ್ದು ನಂಗೆ ಒಂದೂ ಕಿವಿಗೆ ಹೋಗ್ಲಿಲ್ಲ.”

ಆ ಖಾಲಿ ದೋಣಿ ನನ್ನ ನಾಲಗೆಯ ತುದಿಯವರೆಗೆ ಬಂದಿತ್ತು. ಅದನ್ನು ನುಂಗಿಕೊಂಡೆ. ಕುರ್ಚಿಯಲ್ಲಿ ಕೂರಲಿಲ್ಲ, ಅದರ ಕಾಲ ಬಳಿ ನೆಲದ ಮೇಲೆ ಕೂತೆ.

“ಖಾನಾವಳಿ ಚೆನ್ನಾಗಿ ನಡೀತು ಮಾವ. ಪೇಟೆಯೋರೆಲ್ಲ ಅಲ್ಲಿಗೇ ಬರೋರು. ಒಂದು ದಿನ ಬಾಗಿಲಲ್ಲಿ ಒಬ್ರು ಮುದುಕಿ ಬಂದು ನಿಂತ್ರು. ಕಣ್ಣು ಕಾಣ್ತಿರ್ಲಿಲ್ಲ. ಇವಳು ನೋಡ್ತಾಳೆ, ತನ್ನ ಅತ್ತೆ.”

ಮಾವ ಲೋಟವನ್ನು ಬಾಯಿಯ ಹತ್ತಿರ ಹಿಡಿದುಕೊಂಡೇ ಇದ್ದರು. “ಹೊರಗೆ ಹಾಕಿದ್ಲಾ?”

“ಇಲ್ಲ ಮಾವ. ಕೈ ಹಿಡ್ಕೊಂಡು ಕರ್ಕೊಂಡು ಬಂದು ಮೊದಲ ಪಂಕ್ತೀಲಿ ಕೂರಿಸಿದ್ಲು. ಪಕ್ಕದಲ್ಲಿ ತನಗೂ ಒಂದೆಲೆ ಹಾಕ್ಕೊಂಡ್ಲು. ಅವತ್ತು ಸಾರಿಗೆ ಉಪ್ಪು ಸರಿಯಾಗಿತ್ತು.”

ಮಾವ ಹೂಂ ಅಂದು ಕಾಫಿ ಕುಡಿದರು. ಲೋಟ ಕೆಳಗಿಟ್ಟು, ನಾಳೆ ಮುಂದಿನದು ಹೇಳಮ್ಮ ಅಂದರು.